ನಲವತ್ತೊಂದು ಕಾಯಿಲೆಗಳ ಬೆಳ್ಳಿ

ಮನೆಯಲ್ಲಿ ಲೆಕ್ಕ ಬಲ್ಲವನೊಬ್ಬನಿದ್ದರೆ ಸಾಕು, ಸಂಸಾರ ಉದ್ಧಾರವಾಗುತ್ತದೆ ಎಂದು ನಂಬಿದವರು ಒಮ್ಮೆ ನಮ್ಮ ಮನೆಗೆ ಬಂದು ಹೋಗಬೇಕು. ನಾನು ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಮಂಗಳೂರಿನ ಒಂದು ಹೈಸ್ಕೂಲಿನಲ್ಲಿ ಲೆಕ್ಕ ಕಲಿಸುತ್ತಿದ್ದೇನೆ. ನನ್ನ ಕೈಯಿಂದ ಪೆಟ್ಟು ತಿಂದು ಬಡ್ಡಿ ಲೆಕ್ಕ ಕಲಿತವರು ಬ್ಯಾಂಕುಗಳಲ್ಲಿ ಫ್ಯಾನಿನ ಕೆಳಗೆ ಕುಳಿತಿದ್ದಾರೆ. ಲಾಭ ನಷ್ಟ ಕಲಿತವರು ಗೇರುಬೀಜದ ವ್ಯಾಪಾರದಲ್ಲಿ ಎರಡು ಅಂತಸ್ತಿನ ಮನೆ ಕಟ್ಟಿಸಿದ್ದಾರೆ. ಆ ಲೆಕ್ಕವನ್ನು ನಾನು ಮಾತ್ರ ಜೀವನದಲ್ಲಿ ಒಂದೇ ಒಂದು ಸಲ ಮನೆಯಲ್ಲಿ ಪ್ರಯೋಗ ಮಾಡಿದೆ. ಉತ್ತರ ಸರಿಯಾಗಿಯೇ ಬಂತು. ತಾಳೆ ನೋಡಿದೆ, ಅದೂ ಸರಿಯಾಗಿತ್ತು. ಆ ಸರಿಯುತ್ತರದ ದೆಸೆಯಿಂದ ಇವತ್ತಿಗೂ ನಾನು ಅಮ್ಮನ ಮುಖ ನೋಡಲಾರದೆ, ಊಟಕ್ಕೆ ಗೋಡೆಯ ಕಡೆ ತಿರುಗಿ ಕುಳಿತುಕೊಳ್ಳುತ್ತೇನೆ.

ಈ ಹಳೆಯ ಗಾಯವನ್ನು ಈಗ ಕೆದಕುವುದಕ್ಕೆ ಕಾರಣ ಬಸ್ಸು. ನಾನು ದಿನಾ ಬಿಜೈಯಿಂದ ಹಂಪನಕಟ್ಟೆಗೆ ಬಸ್ಸಿನಲ್ಲಿ ಹೋಗುವವನು. ಕೆಲವು ತಿಂಗಳಿಂದ ಊರಿನಲ್ಲಿ ಚಿಲ್ಲರೆಯೇ ಇಲ್ಲ. ಹತ್ತು ಪೈಸೆ ಕೊಟ್ಟರೆ ಕಂಡಕ್ಟರ್ ಉಳಿದ ಪೈಸೆಗಳ ಬದಲಿಗೆ ಒಂದು ಪೆಪ್ಪರಮಿಂಟು ಕೈಗಿಟ್ಟು, "ಚಿಲ್ಲರೆ ಇಲ್ಲ ಮಾಸ್ಟ್ರೇ, ಇದು ಚೀಪಿ" ಎನ್ನುತ್ತಾನೆ. ಪೈಸೆಗಿಂತ ಪೈಸೆಯೊಳಗಿನ ಲೋಹಕ್ಕೇ ಬೆಲೆ ಹೆಚ್ಚಂತೆ; ಯಾರೋ ಮೂಟೆ ಕಟ್ಟಿ ಕರಗಿಸಿ ಪಾತ್ರೆ ಮಾಡುತ್ತಿದ್ದಾರಂತೆ. ಅದಕ್ಕೇ ಸರಕಾರ ಈಗ ಅಲ್ಯುಮಿನಿಯಂ ಪೈಸೆ ತಂದಿದೆ. ಅದನ್ನು ಮೆಲ್ಲಗೆ ನೀರಿನ ಮೇಲಿಟ್ಟರೆ ತೇಲುತ್ತದೆ. ನನ್ನ ಮಗಳು ಲೋಟದಲ್ಲಿ ತೇಲಿಸಿ ತೋರಿಸಿದಳು. ಮೊನ್ನೆ ನನ್ನ ಪಕ್ಕದಲ್ಲಿ ಕುಳಿತಿದ್ದವರೊಬ್ಬರು ಪೆಪ್ಪರಮಿಂಟಿನ ಸಿಟ್ಟಿನಲ್ಲಿ, "ಈ ನಾಣ್ಯ ಕರಗಿಸುವವರನ್ನು ಲೈಟುಕಂಬಕ್ಕೆ ಕಟ್ಟಿ ಹಾಕ್ಬೇಕು ಮಾರಾಯ್ರೆ. ಅವರಿಗೆಲ್ಲ ಅಪ್ಪ ಅಮ್ಮ ಇಲ್ವಾ?" ಎಂದು ನನ್ನನ್ನು ಕೇಳಿದರು. ಮಾಸ್ತರನಾದ್ದರಿಂದ ನಾನು ಹೌದೆನ್ನಲೇಬೇಕಿತ್ತು. ಒಬ್ಬನಿಗಂತೂ ಅಮ್ಮ ಇದ್ದಾಳೆಂದು ನನಗೆ ಚೆನ್ನಾಗಿ ಗೊತ್ತಿದ್ದುದರಿಂದ ಕಿಟಕಿಯ ಹೊರಗೆ ನೋಡುತ್ತ ಕುಳಿತೆ.

ಮೊದಲು ಮುಡಿಪಿನ ವಿಷಯ ಹೇಳಬೇಕು. ತುಳು ಮಾತನಾಡುವ ನಮ್ಮಂಥವರ ಮನೆಗಳಲ್ಲಿ ದೇವರ ಹಲಗೆಯ ಮೇಲೆ ತಿರುಪತಿ ದೇವರ ಹೆಸರಿನಲ್ಲಿ ಒಂದು ಕರಡಿಗೆ ಇರುತ್ತದೆ. ಮನೆಯಲ್ಲಿ ಯಾರಿಗಾದರೂ ಕಷ್ಟ ಬಂದಾಗ ಒಂದು ನಾಣ್ಯವನ್ನು ತೊಳೆದು, ಅರಸಿನದ ನೀರಿನಲ್ಲಿ ಅದ್ದಿ, 'ಇದೊಂದು ದಾಟಿಸಿ ಕೊಡು, ನಿನ್ನ ಕಾಲಬುಡಕ್ಕೆ ತಂದು ಹಾಕುತ್ತೇವೆ' ಎಂದು ಕೈಮುಗಿದು ಅದರೊಳಗೆ ಹಾಕುತ್ತಾರೆ. ಅದೇ ಮುಡಿಪು. ಹಾಕಿದ ಮೇಲೆ ಅದು ಮನೆಯ ದುಡ್ಡಲ್ಲ. ಉಪ್ಪಿಗೆ ಗತಿಯಿಲ್ಲದಿದ್ದರೂ ಅದಕ್ಕೆ ಕೈಹಾಕುವಂತಿಲ್ಲ. ಅನುಕೂಲವಾದಾಗ ತಿರುಪತಿಗೆ ಕೊಂಡುಹೋಗಿ ಹುಂಡಿಗೆ ಹಾಕಿ, ಖಾಲಿ ಕರಡಿಗೆಯೊಂದಿಗೆ ಹಗುರಾಗಿ ಮನೆಗೆ ಬರಬೇಕು. ಅಲ್ಲಿಯವರೆಗೆ ಪ್ರತಿ ಶನಿವಾರ ಕರಡಿಗೆಗೆ ಒಂದು ತುಳಸಿ, ಒಂದು ದೀಪ.

ನಾನು ಅಮ್ಮನಿಗೆ ಒಬ್ಬನೇ ಮಗ. ನನಗಿಂತ ಮೊದಲು ಎರಡು ಹುಟ್ಟಿ ಹೋಗಿದ್ದವು. ಹಾಗಾಗಿ ನಾನು ಸೀನಿದರೆ ಅಮ್ಮ ಕರಡಿಗೆಯ ಕಡೆ ನೋಡುತ್ತಿದ್ದಳು. ದಡಾರಕ್ಕೆ ಒಂದು ರೂಪಾಯಿ, ಕೋಟಲೆಗೆ, ಅಂದರೆ ಸೀತಾಳೆ ಸಿಡುಬಿಗೆ, ಒಂದು, ಕಾಮಾಲೆಗೆ ಒಂದು. ನೆಲಗಡಲೆಯನ್ನು ಮೂಗಿನೊಳಗೆ ಹಾಕಿಕೊಂಡದ್ದಕ್ಕೆ ಒಂದು. ಕೂಳೂರಿನಲ್ಲಿ ಆಗ ಸೇತುವೆ ಇರಲಿಲ್ಲ, ದೋಣಿಯಲ್ಲಿ ದಾಟಬೇಕಿತ್ತು. ಆ ದೋಣಿಯಿಂದ ನಾನು ನೀರಿಗೆ ಬಿದ್ದದ್ದಕ್ಕೆ ಒಂದು. ಮೆಟ್ರಿಕ್ಯುಲೇಶನ್ ಮೊದಲ ಸಲ ಫೇಲಾದದ್ದಕ್ಕೆ ಒಂದು, ಎರಡನೆಯ ಸಲ ಪಾಸಾಗಲೆಂದು ಒಂದು. ಹೆಣ್ಣು ಸಿಗದೆ ಇದ್ದಾಗ ಎರಡು. (ಇದನ್ನು ಕೇಳಿದ ದಿನ ನನ್ನ ಹೆಂಡತಿ ಸುಮತಿ, "ಹಾಗಾದರೆ ನಾನು ಎರಡು ರೂಪಾಯಿಯವಳು" ಎಂದಳು, ಅದು ಹೊಗಳಿಕೆಯೋ ದೂರೋ ನನಗೆ ಇನ್ನೂ ತಿಳಿದಿಲ್ಲ.) ಎಲ್ಲಕ್ಕಿಂತ ದೊಡ್ಡದು ಏಳನೆಯ ವರ್ಷದ ವಿಷಮಶೀತ ಜ್ವರ. ಇಪ್ಪತ್ತೊಂದು ದಿನ ಮಲಗಿದ್ದೆನಂತೆ. ಔಷಧಿ ಕೊಡುವವರು ಬರುವುದನ್ನೇ ನಿಲ್ಲಿಸಿದ್ದರಂತೆ. ಆಗ ಹಾಕಿದ ರೂಪಾಯಿಗೆ ಅಮ್ಮ 'ದೊಡ್ಡದು' ಎಂದೇ ಹೆಸರಿಟ್ಟಿದ್ದಳು.

ಹೀಗೆ ಕೂಡುತ್ತ ಕೂಡುತ್ತ ನಲವತ್ತೊಂದು ಆಯಿತು. ಎಲ್ಲವೂ ಹಳೆಯ ಬೆಳ್ಳಿ ರೂಪಾಯಿಗಳು. ಕೆಲವದರಲ್ಲಿ ರಾಣಿಯ ತಲೆ, ಕೆಲವದರಲ್ಲಿ ಗಡ್ಡದ ರಾಜನ ತಲೆ. ಆಮೇಲೆ ಯುದ್ಧ ಬಂತು, ಬೆಳ್ಳಿ ಹೋಯಿತು, ಕೊನೆಗೆ ನಿಕ್ಕಲಿನ ರೂಪಾಯಿ ಬಂತು. ಅಮ್ಮ ಮೊದಲನೆಯ ನಿಕ್ಕಲ್ ರೂಪಾಯಿಯನ್ನು ಅಂಗಳದ ಕಲ್ಲಿನ ಮೇಲೆ ಎಸೆದು, ಕಿವಿಗೊಟ್ಟು ಕೇಳಿ, "ಇದು ರೂಪಾಯಿಯಲ್ಲ, ಬಿಲ್ಲೆ" ಎಂದಳು. ಬಿಲ್ಲೆಯನ್ನು ದೇವರಿಗೆ ಹಾಕುವುದುಂಟೇ? ಮುಡಿಪು ನಲವತ್ತೊಂದಕ್ಕೆ ನಿಂತಿತು. ಇನ್ನು ಬಂದರೆ ಗತಿಯಿಲ್ಲವೆಂದು ಶರೀರಕ್ಕೂ ತಿಳಿಯಿತೋ ಏನೋ, ನನಗೂ ಆಮೇಲೆ ಹೇಳಿಕೊಳ್ಳುವಂಥ ಕಾಯಿಲೆ ಬರಲಿಲ್ಲ.

ಇನ್ನು ಉಳಿದದ್ದು ತಿರುಪತಿಗೆ ಹೋಗುವುದು. ನಾನು ಸ್ವಂತ ಕೈಯಿಂದ ಹುಂಡಿಗೆ ಹಾಕಬೇಕು, ಅಮ್ಮ ಪಕ್ಕದಲ್ಲಿ ನಿಂತು ನೋಡಬೇಕು. ಹರಕೆ ಹೇಳಿದ್ದೇ ಹಾಗೆ. "ಬರುವ ಮೇ ತಿಂಗಳಲ್ಲಿ ಹೋಗುವ" ಎಂದು ನಾನು ಹತ್ತು ವರ್ಷ ಹೇಳಿದೆ. ಒಂದು ಮೇಯಲ್ಲಿ ಮಗಳು ಹುಟ್ಟಿದಳು, ಇನ್ನೊಂದರಲ್ಲಿ ಮಾಡಿನ ಹಂಚು ಬದಲಿಸಬೇಕಾಯಿತು, ಮತ್ತೊಂದರಲ್ಲಿ ಕಾರಣವೇ ಇರಲಿಲ್ಲ, ದುಡ್ಡೂ ಇರಲಿಲ್ಲ. ಅಮ್ಮ ಒತ್ತಾಯ ಮಾಡುತ್ತಿರಲಿಲ್ಲ. ಶಾಲೆಗೆ ರಜೆ ಸಿಕ್ಕಿದ ಮರುದಿನ ಕರಡಿಗೆಯನ್ನು ಹುಣಸೆಹುಳಿ ಹಾಕಿ ಉಜ್ಜಿ ಹೊಳಪು ಮಾಡಿ ಇಡುತ್ತಿದ್ದಳು, ಅಷ್ಟೆ. ಅವಳಿಗೆ ಆಗಲೇ ಅರುವತ್ತು ದಾಟಿತ್ತು. ಆ ಹೊಳಪನ್ನು ಕಂಡಾಗ ನನಗೆ ನಿಜವಾಗಿ ನಾಚಿಕೆಯಾಗುತ್ತಿತ್ತು.

ಅಷ್ಟರಲ್ಲಿ ನಯೇ ಪೈಸೆ ಬಂತು. ಆಣೆ ಹೋಗಿ ಪೈಸೆ ಬಂದ ಆ ವರ್ಷ ಮಂಗಳೂರಿನಲ್ಲಿ ನನ್ನಷ್ಟು ದೊಡ್ಡ ಮನುಷ್ಯ ಇನ್ನೊಬ್ಬನಿರಲಿಲ್ಲ. ಒಂದಾಣೆಗೆ ಆರು ಪೈಸೆ, ಎರಡಾಣೆಗೆ ಹನ್ನೆರಡು, ಮೂರಾಣೆಗೆ ಹತ್ತೊಂಬತ್ತು. ಇದು ಯಾಕೆ ಹೀಗೆಂದು ಯಾರಿಗೂ ಅರ್ಥವಾಗುತ್ತಿರಲಿಲ್ಲ. ತರಕಾರಿಯವಳು, ಮೀನಿನವಳು, ಕ್ಷೌರದವನು ಎಲ್ಲರೂ ನನ್ನನ್ನು ದಾರಿಯಲ್ಲಿ ತಡೆದು ಕೇಳುವವರೇ. ಒಂದು ನಾಣ್ಯವನ್ನು ಇನ್ನೊಂದು ನಾಣ್ಯವಾಗಿ ಮಾಡುವುದೇ ನನ್ನ ಹುಟ್ಟಿನ ಉದ್ದೇಶವೆಂದು ನನಗೆ ಅನ್ನಿಸತೊಡಗಿತು. ಮದ ಏರುವುದು ಹೀಗೆಯೇ. ಆ ಮದದ ಕಾಲದಲ್ಲಿಯೇ, ಮರುವರ್ಷದ ಪರೀಕ್ಷೆಯ ಪೇಪರು ತಿದ್ದುವಾಗ, ಸ್ಟಾಫ್ ರೂಮಿನಲ್ಲಿ ಪಾಸ್ಕಲ್ ಮಾಸ್ಟ್ರು ಆ ಮಾತು ಹೇಳಿದರು. ಅವರು ನಮ್ಮಲ್ಲಿ ಚರಿತ್ರೆ ಕಲಿಸುವವರು. ಮನೆಯಲ್ಲಿ ಕೊಂಕಣಿ, ಇಗರ್ಜಿಯಲ್ಲಿ ಲ್ಯಾಟಿನ್, ನನ್ನೊಡನೆ ಕನ್ನಡ.

"ನಿಮಗೆ ಗೊತ್ತುಂಟಾ? ಹಳೆ ರಾಣಿ ರೂಪಾಯಿಗೆ ಈಗ ರಥಬೀದಿಯ ಚಿನ್ನಬೆಳ್ಳಿ ಕೆಲಸದ ಶೇಟರಲ್ಲಿ ಒಂದೂಮುಕ್ಕಾಲು ರೂಪಾಯಿ ಉಂಟು ಮಾರಾಯ್ರೆ. ರೂಪಾಯಿಗಲ್ಲ, ಬೆಳ್ಳಿಗೆ. ನಾನು ನನ್ನ ಮಾವ ಕೊಟ್ಟದ್ದನ್ನು ಮಾರಿ ಹೆಂಡತಿಗೆ ಕೊಡೆ ತೆಗೆದೆ."

"ಒಂದು ರೂಪಾಯಿಗೆ ಒಂದೂಮುಕ್ಕಾಲಾ?" ಎಂದು ನಾನು ಕೆಂಪು ಪೆನ್ಸಿಲನ್ನು ಕೆಳಗಿಟ್ಟೆ.

"ಹೌದು. ಮತ್ತೆ ಅದು ಚಲಾವಣೆಯಲ್ಲಿಯೂ ಇಲ್ಲವಲ್ಲ. ಯುದ್ಧದ ಕಾಲದಲ್ಲೇ ಸರಕಾರ ವಾಪಸು ಕರೆದಾಗಿದೆ. ಅಂಗಡಿಗೆ ಕೊಟ್ಟರೆ ಅಕ್ಕಿ ಸಿಗ್ಲಿಕ್ಕಿಲ್ಲ, ಶೇಟರಿಗೆ ಕೊಟ್ಟರೆ ಕೊಡೆ ಸಿಗ್ತದೆ."

ಆ ಸಂಜೆ ಯಾವ ಪೇಪರಿಗೆ ನಾನು ಎಷ್ಟು ಅಂಕ ಕೊಟ್ಟೆನೋ ದೇವರಿಗೇ ಗೊತ್ತು. ನನ್ನ ತಲೆಯಲ್ಲಿ ಬೇರೆಯೇ ಪ್ರಶ್ನೆ ಬರೆಯಲ್ಪಡುತ್ತಿತ್ತು. ಒಬ್ಬನ ಬಳಿ ನಲವತ್ತೊಂದು ಬೆಳ್ಳಿ ರೂಪಾಯಿಗಳಿವೆ. ಪ್ರತಿಯೊಂದನ್ನೂ ಒಂದೂಮುಕ್ಕಾಲು ರೂಪಾಯಿಗೆ ಮಾರಿ, ಪ್ರತಿಯೊಂದರ ಬದಲಿಗೆ ಒಂದು ನಿಕ್ಕಲ್ ರೂಪಾಯಿಯನ್ನು ಇಟ್ಟರೆ ಅವನಿಗೆ ಉಳಿಯುವುದೆಷ್ಟು? ಮೂವತ್ತು ರೂಪಾಯಿ ಎಪ್ಪತ್ತೈದು ನಯೇ ಪೈಸೆ. ಮಂಗಳೂರಿನಲ್ಲಿ ರೈಲು ಹತ್ತಿ, ಕಾಟ್ಪಾಡಿಯಲ್ಲಿ ಬದಲಿಸಿ, ಮೂರನೆಯ ಕ್ಲಾಸಿನಲ್ಲಿ ಅಮ್ಮನೂ ನಾನೂ ತಿರುಪತಿಗೆ ಹೋಗುವ ಖರ್ಚಿಗೆ ಅದು ಬಹುಮಟ್ಟಿಗೆ ಸಾಕು. ಉಳಿದುದಕ್ಕೆ ನಾನು ಕಷ್ಟಪಟ್ಟು ಕೂಡಿಟ್ಟಿದ್ದ ಇಪ್ಪತ್ತು ರೂಪಾಯಿ ಉಂಟು. ದೇವರಿಗೆ ಹೇಳಿದ್ದು ನಲವತ್ತೊಂದು ರೂಪಾಯಿ, ಸಿಗುವುದು ನಲವತ್ತೊಂದು ರೂಪಾಯಿ. ಅಮ್ಮನಿಗೆ ಯಾತ್ರೆ. ನನಗೆ ಹತ್ತು ಮೇ ತಿಂಗಳುಗಳ ಸುಳ್ಳಿನಿಂದ ಬಿಡುಗಡೆ. ಯಾರಿಗೆ ನಷ್ಟ ಹೇಳಿ? ಸಾಲದ್ದಕ್ಕೆ, ಸರಕಾರವೇ ಬೇಡವೆಂದ ನಾಣ್ಯವನ್ನು ದೇವರ ಹುಂಡಿಗೆ ಹಾಕುವುದು ಅವನಿಗೆ ಅವಮಾನವಲ್ಲವೇ ಎಂಬ ಭಕ್ತಿಯೂ ಆ ಸಂಜೆ ನನ್ನಲ್ಲಿ ಹುಟ್ಟಿತು. ಅದಕ್ಕೆ ಮೊದಲು ನನಗೆ ಅಷ್ಟು ಭಕ್ತಿ ಇರಲಿಲ್ಲ.

ರಜೆ ಸಿಕ್ಕಿತು. ಮುಂದಿನ ಸೋಮವಾರ ಹೊರಡುವುದೆಂದು ಮನೆಯಲ್ಲಿ ಸಾರಿಬಿಟ್ಟೆ. ಅಮ್ಮ ಒಳಗೆ ಹೋಗಿ ಪೆಟ್ಟಿಗೆಯಿಂದ ತನ್ನ ಒಳ್ಳೆಯ ಸೀರೆ ತೆಗೆದು ಬಿಸಿಲಿಗೆ ಹಾಕಿದಳು. ಗುರುವಾರ ಮಧ್ಯಾಹ್ನ ಅತ್ತೆ ಸೊಸೆ ಇಬ್ಬರೂ ಮಗಳನ್ನು ಕರೆದುಕೊಂಡು ನೆರೆಮನೆಯ ಬಾಣಂತಿಯನ್ನು ನೋಡಲು ಹೋದರು. ನಾನು ದೇವರ ಹಲಗೆಯ ಮುಂದೆ ನಿಂತು, ಒಮ್ಮೆ ಕೈಮುಗಿದು, ಕರಡಿಗೆಯನ್ನು ಮಾರ್ಕೆಟ್ ಚೀಲಕ್ಕೆ ಬಗ್ಗಿಸಿದೆ. ಸೋಮವಾರದ ತನಕ ಯಾರೂ ಅದನ್ನು ತೆರೆಯಲಿಕ್ಕಿಲ್ಲ, ಹಾಗೆಯೇ ಹಳದಿ ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗುವುದು ಎಂಬ ಧೈರ್ಯ ನನಗಿತ್ತು. ಇಡೀ ಲೆಕ್ಕದಲ್ಲಿ ನಾನು ತಾಳೆ ನೋಡದೆ ಬಿಟ್ಟದ್ದು ಅದೊಂದನ್ನೇ.

ಶೇಟರು ಒಂದೊಂದನ್ನೇ ಕಲ್ಲಿನ ಮೇಲೆ ಎಸೆದು ನೋಡಿದರು. ಠಣ್, ಠಣ್ ಎನ್ನುತ್ತ ನನ್ನ ಬಾಲ್ಯವೆಲ್ಲ ಆ ಅಂಗಡಿಯಲ್ಲಿ ಕೇಳಿಸಿತು. ಒಂದು ಮಾತ್ರ ಠಪ್ ಎಂದಿತು. ಶೇಟರು ಅದನ್ನು ಕಣ್ಣಿನ ಹತ್ತಿರ ತಂದು, ಬೆರಳಿನಿಂದ ನನ್ನ ಕಡೆ ಸರಿಸಿದರು.

"ಇದು ಬೇಡ ಮಾಸ್ಟ್ರೇ. ಇದು ಸೀಸ. ಖೋಟಾ. ನೋಡಿ, ಯಾರೋ ಕಚ್ಚಿ ನೋಡಿದ್ದಾರೆ, ಹಲ್ಲಿನ ಗುರುತು ಉಂಟು."

ನನಗೆ ನಗು ಬಂತು. ಯಾರೋ ಅಮ್ಮನಿಗೆ ಮೋಸ ಮಾಡಿದ್ದರು, ಅಮ್ಮ ತಿಳಿಯದೆ ದೇವರಿಗೆ ಮೋಸ ಮಾಡಿದ್ದಳು. ಅದರ ಬದಲಿಗೂ ಒಂದು ಒಳ್ಳೆಯ ನಿಕ್ಕಲ್ ರೂಪಾಯಿ ಇಡುವೆನಲ್ಲ, ದೇವರಿಗೆ ಮೂವತ್ತು ವರ್ಷಗಳ ನಷ್ಟ ನನ್ನಿಂದ ತುಂಬಿ ಬಂತು ಎಂದುಕೊಂಡು ಅದನ್ನು ಅಂಗಿಯ ಒಳಜೇಬಿಗೆ ಹಾಕಿಕೊಂಡೆ. ನಲವತ್ತು ನಾಣ್ಯಕ್ಕೆ ಎಪ್ಪತ್ತು ರೂಪಾಯಿ ಸಿಕ್ಕಿತು. ಅದರಲ್ಲಿ ನಲವತ್ತೊಂದನ್ನು ನಿಕ್ಕಲ್ ರೂಪಾಯಿಗಳಾಗಿಯೇ ಕೇಳಿ ಪಡೆದೆ. ಮೂರು ಸಿಂಹ ಒಂದು ಕಡೆ, ಗೋಧಿಯ ತೆನೆ ಇನ್ನೊಂದು ಕಡೆ. ಹೊಸತಾಗಿ ಲಕಲಕ ಹೊಳೆಯುತ್ತಿದ್ದವು. ತೂಕವೂ ಹೆಚ್ಚು ಕಡಿಮೆ ಅಷ್ಟೇ. ಮನೆಗೆ ಬಂದು ಕರಡಿಗೆ ತುಂಬಿಸಿ, ತುಳಸಿಯನ್ನು ಇದ್ದ ಹಾಗೆಯೇ ಮೇಲಿಟ್ಟೆ. ಅವರು ಹಿಂದಿರುಗುವಾಗ ನಾನು ಜಗಲಿಯಲ್ಲಿ ಕುಳಿತು ಪೇಪರು ಓದುತ್ತಿದ್ದೆ.

ಶನಿವಾರ ಬೆಳಿಗ್ಗೆ ಸ್ನಾನ ಮುಗಿಸಿ ಬಂದವನು ಬಾಗಿಲಲ್ಲೇ ನಿಂತೆ. ಅಮ್ಮ ದೇವರ ಮುಂದೆ ಬಾಳೆಲೆ ಹಾಸಿ, ಕರಡಿಗೆಯನ್ನು ಎದುರಿಗಿಟ್ಟುಕೊಂಡು ಕುಳಿತಿದ್ದಳು. ಪಕ್ಕದಲ್ಲಿ ಹುಣಸೆಹುಳಿ ನೀರು, ಹಳದಿ ಬಟ್ಟೆ. ಮುಡಿಪು ಕಟ್ಟುವ ಮೊದಲು ಒಂದೊಂದನ್ನೂ ತೊಳೆದು, ಯಾವುದು ಯಾತಕ್ಕೆಂದು ದೇವರಿಗೆ ಹೇಳಿ ಕಟ್ಟಬೇಕಂತೆ. ಹೇಳದೆ ಹಾಕಿದರೆ ಅವನಿಗೆ ಹೇಗೆ ತಿಳಿಯಬೇಕು? ಅಮ್ಮನಿಗೆ ಆಗಲೇ ಕಣ್ಣಿಗೆ ಪೊರೆ ಬರಲು ಶುರುವಾಗಿತ್ತು. ಆದರೆ ಅವಳಿಗೆ ಕಣ್ಣು ಬೇಕಾಗಿಯೇ ಇರಲಿಲ್ಲ. ಮೊದಲನೆಯ ನಾಣ್ಯವನ್ನು ಹೆಬ್ಬೆರಳಿನಿಂದ ಉಜ್ಜಿದಳು. ಕೆಳಗಿಟ್ಟಳು. ಎರಡನೆಯದನ್ನು ಉಜ್ಜಿದಳು. ಆಮೇಲೆ ಇಡೀ ಕರಡಿಗೆಯನ್ನು ಎಲೆಯ ಮೇಲೆ ಸುರಿದಳು.

ಮನೆಯಲ್ಲಿ ನಾವು ಮಾತನಾಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕೇಳಿಸಿಕೊಂಡವನಿಗೆ ಆದದ್ದರ ಅರ್ಧವೂ ಓದುವವರಿಗೆ ಆಗಲಾರದು.

"ಎಂತ ಇದು? ನನ್ನದು ಒಂದೂ ಇಲ್ಲ! ಸುಮತೀ, ಕಳ್ಳ ಬಂದಿದ್ದಾನೆ ಮನೆಗೆ!"

ಸುಮತಿ ಒಲೆಯ ಮುಂದಿನಿಂದ ಓಡಿ ಬಂದಳು. ನಾಣ್ಯಗಳನ್ನು ನೋಡಿದಳು. ಎಣಿಸಿದಳು. ನಲವತ್ತೊಂದು.

"ಬೆಳ್ಳಿ ತೆಗೆದುಕೊಂಡು ಹೋಗಿ, ಒಂದಕ್ಕೆ ಒಂದರ ಹಾಗೆ ರೂಪಾಯಿ ಇಟ್ಟು ಹೋದ ಕಳ್ಳ. ಕಡಿಮೆಯೂ ಇಲ್ಲ, ಹೆಚ್ಚೂ ಇಲ್ಲ," ಎಂದಳು. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದಳು. "ಅತ್ತೆ, ಇಷ್ಟು ಲೆಕ್ಕ ಬರುವ ಕಳ್ಳ ಮಂಗಳೂರಿನಲ್ಲಿ ಒಬ್ಬನೇ ಇರುವುದು."

ನಾನು ಮೈ ಒರೆಸಿದ ಬೈರಾಸನ್ನು ಹೆಗಲ ಮೇಲೆ ಹಾಕಿಕೊಂಡು ನಿಂತಲ್ಲೇ ಪಾಠ ಶುರು ಮಾಡಿದೆ. ಬೇರೇನು ಮಾಡಲಿ, ನನಗೆ ಬರುವುದು ಅದೊಂದೇ. ರೂಪಾಯಿಗೆ ರೂಪಾಯಿ ಸಮ ಎಂದೆ. ಹರಕೆ ಹೇಳಿದ್ದು ರೂಪಾಯಿಯನ್ನು, ಬೆಳ್ಳಿಯನ್ನಲ್ಲ ಎಂದೆ. ಉಳಿದ ದುಡ್ಡಿನಲ್ಲಿ ನಿನ್ನನ್ನೇ ತಿರುಪತಿಗೆ ಕರೆದುಕೊಂಡು ಹೋಗುತ್ತಿದ್ದೇನಲ್ಲ ಎಂದೆ. ಅಮ್ಮ ಪೂರ್ತಿ ಕೇಳಿದಳು. ನನ್ನ ಕ್ಲಾಸಿನಲ್ಲಿ ಯಾರೂ ಹಾಗೆ ನನ್ನ ಪಾಠವನ್ನು ಕೊನೆಯವರೆಗೆ ಕೇಳಿದ್ದಿಲ್ಲ.

"ಮಗಾ," ಎಂದಳು ಕೊನೆಗೆ, "ನಿನಗಿಂತ ಮೊದಲು ಎರಡು ಹೋದವು. ಆಮೇಲೆ ನೀನು ಬಂದೆ. ಹೋದದ್ದರ ಬದಲಿಗೆ ಬಂತು, ಸರಿಯಾಯಿತು ಅಂತ ನಾನು ಎಂದಾದರೂ ಹೇಳಿದ್ದುಂಟಾ?"

ಎಲೆಯ ಮೇಲಿದ್ದ ನಿಕ್ಕಲ್ ರೂಪಾಯಿಗಳನ್ನೆಲ್ಲ ಬೈರಾಸಿನಲ್ಲಿ ಬಾಚಿಕೊಂಡು, ಪೆಟ್ಟಿಗೆಯಲ್ಲಿದ್ದ ಉಳಿದ ದುಡ್ಡನ್ನೂ ತೆಗೆದುಕೊಂಡು, ಮೊನ್ನೆಯ ಅಂಗಿಯನ್ನೇ ಸಿಕ್ಕಿಸಿಕೊಂಡು ರಥಬೀದಿಗೆ ಓಡಿದೆ.

"ಅದು ಕರಗಿ ಆಯಿತಲ್ಲ ಮಾಸ್ಟ್ರೇ," ಎಂದರು ಶೇಟರು. "ಮದುವೆಗೆ ಒಂದು ಬೆಳ್ಳಿ ಹರಿವಾಣ ಅರ್ಜೆಂಟಾಗಿ ಬೇಕಿತ್ತು." ಒಳಗೆ ಕೆಲಸದವನು ಅದನ್ನು ಮಂಡಿಯ ಮೇಲಿಟ್ಟುಕೊಂಡು ಅಂಚಿಗೆ ಹೂ ಕೆತ್ತುತ್ತಿದ್ದ. ನನ್ನ ದಡಾರ, ಕೋಟಲೆ, ಕಾಮಾಲೆ, ಮೆಟ್ರಿಕ್ಯುಲೇಶನ್ ಎಲ್ಲವೂ ಒಂದೇ ಹರಿವಾಣದಲ್ಲಿ ಹೊಳೆಯುತ್ತಿದ್ದವು. ನಾಳೆ ಅದರಲ್ಲಿ ಯಾರಿಗೋ ವೀಳ್ಯದೆಲೆ ಕೊಡುತ್ತಾರೆ. ನನ್ನ ಮುಖ ನೋಡಿ ಶೇಟರಿಗೆ ಕನಿಕರ ಬಂದಿರಬೇಕು. "ಬೇರೆ ಹಳೆ ರೂಪಾಯಿ ಉಂಟು. ಅಂಥದ್ದೇ, ರಾಣಿಯದ್ದೂ ಉಂಟು, ರಾಜನದ್ದೂ ಉಂಟು. ಆದರೆ ಕೊಡುವಾಗ ಎರಡೂಕಾಲು ಆಗ್ತದೆ," ಎಂದರು. ನಲವತ್ತಕ್ಕೆ ತೊಂಬತ್ತು ರೂಪಾಯಿ. ನನ್ನ ಹತ್ತಿರ ಅವರು ಕೊಟ್ಟ ಎಪ್ಪತ್ತು, ನಾನು ಕೂಡಿಟ್ಟ ಇಪ್ಪತ್ತು, ಒಟ್ಟು ಸರಿಯಾಗಿ ತೊಂಬತ್ತೇ ಇತ್ತು. ಲೆಕ್ಕ ಅಷ್ಟು ಚೊಕ್ಕಟವಾಗಿ ಕೂಡಿಬಂದದ್ದನ್ನು ನಾನು ಕಂಡೇ ಇಲ್ಲ. ಬಸ್ಸಿಗೂ ಉಳಿಯದೆ, ಮೇ ತಿಂಗಳ ಮಧ್ಯಾಹ್ನದ ಬಿಸಿಲಿನಲ್ಲಿ ಆ ಬೆಳ್ಳಿಯನ್ನು ಹೊತ್ತುಕೊಂಡು ಬಿಜೈಗೆ ನಡೆದೆ.

ಅಮ್ಮ ಇನ್ನೂ ಬಾಳೆಲೆಯ ಮುಂದೆಯೇ ಕುಳಿತಿದ್ದಳು. ನಾನು ಬೈರಾಸು ಬಿಚ್ಚಿದೆ. ಬೆಳ್ಳಿಯ ಸದ್ದು ಕೇಳಿ ಒಂದು ಕ್ಷಣ ಅವಳ ಮುಖ ಅರಳಿತು. ಒಂದನ್ನು ಎತ್ತಿಕೊಂಡಳು, ಅದಕ್ಕೆ ಯಾರೋ ಸರಕ್ಕೆ ಪೋಣಿಸಲು ಬೆಸೆದಿದ್ದ ಕೊಂಡಿಯ ಗುರುತಿತ್ತು. ಇನ್ನೊಂದನ್ನು ಎತ್ತಿದಳು. ಆಮೇಲೆ ಬಿಸಿ ತಾಗಿದವಳ ಹಾಗೆ ಕೈ ಹಿಂದಕ್ಕೆಳೆದಳು.

"ಅಯ್ಯೋ ದೇವರೇ! ಇದು ಯಾರ ಕಾಯಿಲೆಯೋ! ಯಾರ ಮನೆಯ ಸಿಡುಬೋ, ಯಾವ ಮಗುವಿನದ್ದೋ! ಹೊರಗಿಡು, ಮೊದಲು ಹೊರಗಿಡು!"

ನಾನು ಬಗ್ಗಿ ಗಡಿಬಿಡಿಯಲ್ಲಿ ಆ ನಲವತ್ತು ಅಪರಿಚಿತರನ್ನು ಬಾಚಿಕೊಳ್ಳುವಾಗ ಅಂಗಿಯ ಒಳಜೇಬಿನಿಂದ ಏನೋ ಜಾರಿ ನೆಲಕ್ಕೆ ಬಿತ್ತು. ಠಪ್. ಅಮ್ಮನ ಕೈ ನನಗಿಂತ ಮೊದಲು ಅಲ್ಲಿಗೆ ಹೋಯಿತು. ಹಲ್ಲಿನ ಗುರುತಿನ ಮೇಲೆ ಬೆರಳಾಡಿಸಿದಳು.

"ದೊಡ್ಡದು," ಎಂದಳು. "ದೊಡ್ಡದು ಉಂಟು. ಇದನ್ನು ಹೇಗೆ ಬಿಟ್ಟೆ ನೀನು?"

ಅಷ್ಟೆಲ್ಲ ಆದ ಮೇಲೂ ಬಾಯಿ ಮುಚ್ಚಿಕೊಂಡಿರುವುದು ನನಗೆ ಬರಲಿಲ್ಲ. "ಅದು ಖೋಟಾ, ಅಮ್ಮ. ಸೀಸ. ಶೇಟರಿಗೆ ಬೇಡವಾಯಿತು," ಎಂದೆ.

"ನನಗೆ ಗೊತ್ತಿಲ್ಲವಾ? ಕಚ್ಚಿದ್ದು ನಾನೇ ಅಲ್ಲವಾ?" ಎಂದಳು ಅಮ್ಮ. "ನಮ್ಮ ದನದ ಹಾಲು ಕೊಂಡುಹೋಗುತ್ತಿದ್ದವಳೊಬ್ಬಳು ತಿಂಗಳ ದುಡ್ಡು ಅಂತ ಕೊಟ್ಟದ್ದು. ಅಕ್ಕಿ ಅಂಗಡಿಗೆ ಕೊಂಡುಹೋದೆ, ಎಸೆದು ನೋಡಿ ವಾಪಸು ಕೊಟ್ಟ. ಮದ್ದಿನ ಅಂಗಡಿಗೆ ಹೋದೆ, ಅವನೂ ವಾಪಸು ಕೊಟ್ಟ. ನೀನು ಇಲ್ಲಿ ಕಣ್ಣು ಮೇಲೆ ಮಾಡಿ ಮಲಗಿದ್ದಿ. ಮನೆಯಲ್ಲಿ ಬೇರೆ ಒಂದು ಕಾಸು ಇರಲಿಲ್ಲ. ಯಾರಿಗೂ ಬೇಡದ್ದನ್ನು ತಂದು ದೇವರಿಗೆ ಹಾಕಿದೆ. ಒಳ್ಳೆಯದು ಸಿಕ್ಕಿದ ಮೇಲೆ ಬದಲಾಯಿಸ್ತೇನೆ, ಈಗ ಇದನ್ನೇ ಇಟ್ಟುಕೋ ಅಂತ ಹೇಳಿದ್ದೆ."

"ಮತ್ತೆ ಯಾಕೆ ಬದಲಾಯಿಸಲಿಲ್ಲ?"

"ಮರುದಿನ ನೀನು ಎದ್ದು ಗಂಜಿ ಕೇಳಿದೆಯಲ್ಲ. ಅವನು ತೆಗೆದುಕೊಂಡ ಮೇಲೆ ಬದಲಾಯಿಸುವುದು ಎಂತ?"

ಎರಡು ಅಂಗಡಿಯವರು ಬೇಡವೆಂದ ಸೀಸದ ಬಿಲ್ಲೆಗೆ ಸಿಕ್ಕಿದ ಪದಾರ್ಥ ನಾನು ಎಂಬುದು ನನಗೆ ಹೀಗೆ ನಲವತ್ತನೆಯ ವರ್ಷದಲ್ಲಿ ತಿಳಿಯಿತು. ನನ್ನ ಬದುಕಿನ ಹಲವು ವಿಷಯಗಳು ಆಗ ಒಮ್ಮೆಲೇ ಅರ್ಥವಾದವು. ಅಮ್ಮ ಅದನ್ನು ತೊಳೆದು, ಒರೆಸಿ, ಖಾಲಿ ಕರಡಿಗೆಯೊಳಗೆ ಒಂಟಿಯಾಗಿ ಇಟ್ಟಳು. ನಾನು ಜಗಲಿಗೆ ಹೋಗಿ ಕುಳಿತು ಅತ್ತೆ. ಮಗಳು ಬಂದು, "ಅಪ್ಪನಿಗೆ ಜ್ವರವಾ?" ಎಂದು ಒಳಗೆ ಕೇಳುವುದು ಕೇಳಿಸಿತು.

ಭಾನುವಾರ ಭಟ್ಟರ ಹತ್ತಿರ ಹೋಗಿ ಕೇಳಿದೆ. ಅವರು ಕವಡೆ ಗಿವಡೆ ಏನೂ ಹಾಕದೆ ಒಂದೇ ಮಾತಿನಲ್ಲಿ, "ಅದಕ್ಕೆ ಎಂತ ತಲೆಬಿಸಿ? ದೇವರಿಗೆ ಬೆಳ್ಳಿಯೂ ಒಂದೇ, ನಿಕ್ಕಲೂ ಒಂದೇ. ಇಟ್ಟ ಆ ರೂಪಾಯಿಗಳನ್ನೇ ಒಂದು ತಪ್ಪುಕಾಣಿಕೆ ಸೇರಿಸಿ ಕೊಂಡುಹೋಗಿ. ನಾನು ನಿಮ್ಮ ಅಮ್ಮನಿಗೆ ಹೇಳ್ತೇನೆ" ಎಂದರು. ನಿಕ್ಕಲ್ ರೂಪಾಯಿಗಳು ಆಗ ಶೇಟರ ಪೆಟ್ಟಿಗೆಯಲ್ಲಿದ್ದವು, ನನ್ನ ಇಪ್ಪತ್ತು ರೂಪಾಯಿಯ ಜೊತೆಗೆ. ಸೋಮವಾರ ರೈಲು ನಾವಿಲ್ಲದೆ ಹೊರಟಿತು. ಅಮ್ಮ ಬಿಸಿಲಿಗೆ ಹಾಕಿದ ಸೀರೆಯನ್ನು ಮಡಚಿ ಮತ್ತೆ ಪೆಟ್ಟಿಗೆಯಲ್ಲಿಟ್ಟಳು. ಪಾಸ್ಕಲ್ ಮಾಸ್ಟ್ರಿಗೆ ಎಲ್ಲವನ್ನೂ ಹೇಳಿಕೊಂಡಾಗ ಅವರು, "ನಮಗಾದರೆ ಪಾದ್ರಿಯವರ ಹತ್ತಿರ ಪಾಪನಿವೇದನೆ ಉಂಟು ಮಾರಾಯ್ರೆ. ಹೇಳಿ ಎದ್ದು ಬಂದರೆ ಮುಗಿಯಿತು. ನಿಮಗೆ ಎಂತ ಉಂಟು?" ಎಂದರು. ನನಗೆ ಅಮ್ಮ ಉಂಟು ಎಂದೆ.

ಇದಾಗಿ ಏಳೆಂಟು ಮೇ ತಿಂಗಳುಗಳು ಕಳೆದಿವೆ. ನಾನು ಮತ್ತೆ ದುಡ್ಡು ಕೂಡಿಸಿ ಹೊರಡುವ ಮಾತೆತ್ತುವ ಹೊತ್ತಿಗೆ ಅಮ್ಮನ ಮೊಣಕಾಲು ಹಿಡಿದುಕೊಂಡಿತ್ತು. ಈಗ ಅವಳು ಗೋಡೆ ಹಿಡಿದು ಬಾವಿಕಟ್ಟೆಯ ತನಕ ನಡೆದರೆ ಹೆಚ್ಚು. ತಿರುಪತಿಯ ಮಾತು ನಮ್ಮ ಮನೆಯಲ್ಲಿ ನಿಂತಿದೆ. ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗಲು ನನ್ನಿಂದ ಆಗಲಿಲ್ಲ. ಇನ್ನು ಆಗುವುದೂ ಇಲ್ಲ. ಇದನ್ನು ಎಷ್ಟು ನಗುತ್ತ ಬರೆದರೂ ಬರೆಯುವವನಿಗೆ ನಗು ಬರುವುದಿಲ್ಲ. ಆ ನಲವತ್ತು ಅಪರಿಚಿತ ರೂಪಾಯಿಗಳು ಒಂದು ಬಿಸ್ಕೇಟಿನ ಡಬ್ಬಿಯಲ್ಲಿ ಜಗಲಿಯ ಮಾಡಿನಡಿ ಕುಳಿತಿವೆ. ಒಳಗೆ ತರುವಂತಿಲ್ಲ. ಬೆಳ್ಳಿಯ ಬೆಲೆ ವರ್ಷ ವರ್ಷ ಏರುತ್ತಿದೆ. ಮಾರಿದರೆ ಮಗಳ ಕಾಲೇಜಿನ ಫೀಸಿಗಾಗುತ್ತದೆಂದು ಸುಮತಿ ಹೇಳುತ್ತಾಳೆ, ಅದು ಯಾರ್ಯಾರದೋ ಹರಕೆಯಿರಬಹುದು ಮುಟ್ಟಬೇಡವೆಂದು ಅಮ್ಮ ಹೇಳುತ್ತಾಳೆ. ನಾನು ಮುಟ್ಟಿಲ್ಲ. ಆದರೆ ಮೈಗೆ ಸ್ವಲ್ಪ ಹುಷಾರಿಲ್ಲದಾದರೂ, ಇದು ಆ ಡಬ್ಬಿಯಲ್ಲಿರುವ ಯಾರದ್ದಿರಬಹುದು ಎಂದು ಯೋಚನೆ ಹತ್ತುತ್ತದೆ.

ಹೋದ ತಿಂಗಳು ನಿಜವಾಗಿಯೇ ಜ್ವರ ಬಂತು. ಮೂರು ದಿನವಾದರೂ ಬಿಡಲಿಲ್ಲ. ನಾಲ್ಕನೆಯ ಬೆಳಿಗ್ಗೆ ಚಾಪೆಯಲ್ಲಿ ಮಲಗಿದ್ದವನಿಗೆ ಅಮ್ಮ ಗೋಡೆ ಹಿಡಿದುಕೊಂಡು ದೇವರ ಹಲಗೆಯ ಹತ್ತಿರ ಹೋಗುವುದು ಕಾಣಿಸಿತು. ಇಪ್ಪತ್ತು ವರ್ಷಗಳ ಮೇಲೆ ಮೊದಲ ಸಲ ಕರಡಿಗೆಯ ಮುಚ್ಚಳ ತೆಗೆದು ನಾಣ್ಯ ಹಾಕಿದಳು. ಕ್ಷಮಿಸಿದ್ದಾಳೆ ಎಂದುಕೊಂಡೆ. ಆದರೆ ಬಿದ್ದ ಸದ್ದು ಮಾತ್ರ ಕೇಳಿಸಲೇ ಇಲ್ಲ.

"ಎಷ್ಟು ಹಾಕಿದೆ ಅಮ್ಮ?" ಎಂದು ಕೇಳಿದೆ.

"ಒಂದು ಪೈಸೆ. ಹೊಸತು, ಆ ನೀರಿನಲ್ಲಿ ತೇಲುವಂಥದ್ದು."

"ನನ್ನ ಅಂಗಿಯ ಜೇಬಿನಲ್ಲಿ ರೂಪಾಯಿ ಇತ್ತಲ್ಲ."

"ಬೇಡ," ಎಂದಳು ಅಮ್ಮ, ಮುಚ್ಚಳ ಹಾಕುತ್ತ. "ಇದಾದರೆ ಮಾರಿದರೆ ನಿನಗೆ ಎಂತದೂ ಸಿಗ್ಲಿಕ್ಕಿಲ್ಲ. ಇಟ್ಟಲ್ಲೇ ಇರ್ತದೆ."

ಜ್ವರ ಆ ಸಂಜೆಯೇ ಬಿಟ್ಟಿತು.